ತಟ್ಟೆ ತಿರುಗುತ್ತದೆ, ಅನ್ನ ಮಾತ್ರ ಬಿಸಿಯಾಗದು

ಗುಂಡಿ ಒತ್ತಿದರೆ ದೀಪ ಹೊತ್ತಿಕೊಳ್ಳುತ್ತದೆ, ಗಾಜಿನ ತಟ್ಟೆ ತಿರುಗುತ್ತದೆ, ಫ್ಯಾನಿನ ಸದ್ದೂ ಕೇಳುತ್ತದೆ. ಎರಡು ನಿಮಿಷವಾದ ಮೇಲೆ ಪೀಪ್ ಪೀಪ್ ಎಂದು ಕೂಗಿ ಓವನ್ ಸುಮ್ಮನಾಗುತ್ತದೆ. ಬಾಗಿಲು ತೆಗೆದು ಮುಟ್ಟಿದರೆ ಫ್ರಿಜ್ಜಿನಿಂದ ತೆಗೆದಿಟ್ಟ ಅನ್ನ ಇಟ್ಟ ಹಾಗೇ ತಣ್ಣಗಿದೆ. ಚೆನ್ನೈನ ಮಾಂಬಲದಲ್ಲಾಗಲಿ ಬೆಂಗಳೂರಿನ ಮಲ್ಲೇಶ್ವರದಲ್ಲಾಗಲಿ, ಮೈಕ್ರೋವೇವ್ ರಿಪೇರಿ ಮಾಡುವವರಿಗೆ ಇದು ಹಳೆಯ ಪರಿಚಯದ ದೂರು. ಮನೆಯವರಿಗೆ ಮಾತ್ರ ದೊಡ್ಡ ಒಗಟು. ಎಲ್ಲವೂ ನಡೆಯುತ್ತಿದೆ, ನಡೆಯಬೇಕಾದ್ದು ಒಂದೇ ನಡೆಯುತ್ತಿಲ್ಲ.

ಒಗಟಿಗೆ ಉತ್ತರ ಓವನ್ನಿನ ರಚನೆಯಲ್ಲೇ ಇದೆ. ಆ ಪೆಟ್ಟಿಗೆಯೊಳಗೆ ಎರಡು ಬೇರೆ ಬೇರೆ ಸರ್ಕ್ಯೂಟುಗಳಿವೆ. ಒಂದು, ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟಿನಲ್ಲಿ ನಡೆಯುವುದು: ದೀಪ, ಫ್ಯಾನ್, ತಟ್ಟೆಯ ಮೋಟರ್, ಬಾಗಿಲಿನ ಸ್ವಿಚ್ಚುಗಳು, ಗುಂಡಿಗಳ ಹಿಂದಿನ ಬೋರ್ಡ್. ಇನ್ನೊಂದು, ಅದೇ ಕರೆಂಟಿನ ವೋಲ್ಟೇಜನ್ನು ಹತ್ತಾರು ಪಟ್ಟು ಏರಿಸಿಕೊಂಡು ನಡೆಯುವುದು. ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಸುಮಾರು 2000 ವೋಲ್ಟಿಗೆ ಏರಿಸುತ್ತದೆ. ಒಂದು ಕೆಪಾಸಿಟರ್ ಮತ್ತು ಒಂದು ಡಯೋಡ್ ಜೊತೆಯಾಗಿ ಅದನ್ನು 4000ದ ಹತ್ತಿರಕ್ಕೆ ಒಯ್ಯುತ್ತವೆ. ಅಷ್ಟು ಒತ್ತಡ ಬಿದ್ದಾಗ ಮ್ಯಾಗ್ನೆಟ್ರಾನ್ ಎಂಬ ನಿರ್ವಾತ ಕೊಳವೆ ಸೆಕೆಂಡಿಗೆ 245 ಕೋಟಿ ಸಲ ಕಂಪಿಸುವ ಅಲೆಗಳನ್ನು ಹೊರಡಿಸುತ್ತದೆ. ಅನ್ನವನ್ನು ಬಿಸಿ ಮಾಡುವವು ಈ ಅಲೆಗಳು. ತಟ್ಟೆ ತಿರುಗುತ್ತಿದ್ದರೆ ಮೊದಲನೆಯ ಸರ್ಕ್ಯೂಟಿನ ಬಹುಪಾಲು ಸರಿಯಿದೆ ಎಂದರ್ಥ. ಅನ್ನ ತಣ್ಣಗಿದ್ದರೆ ತೊಂದರೆ ಎರಡನೆಯದರಲ್ಲೋ ಅಥವಾ ಎರಡರ ನಡುವಿನ ರಿಲೇ, ಸ್ವಿಚ್ಚುಗಳಲ್ಲೋ ಇದೆ.

ಮ್ಯಾಗ್ನೆಟ್ರಾನ್ ಅಡುಗೆಗಾಗಿ ಹುಟ್ಟಿದ್ದಲ್ಲ. 1940ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಇದಕ್ಕೆ ಇಂದಿನ ರೂಪ ಕೊಟ್ಟದ್ದು ಯುದ್ಧಕಾಲದ ರೇಡಾರ್‌ಗಾಗಿ. ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ಅದರ ಹತ್ತಿರ ಕೆಲಸ ಮಾಡುತ್ತಿದ್ದ ಪರ್ಸಿ ಸ್ಪೆನ್ಸರ್ ತನ್ನ ಜೇಬಿನ ಮಿಠಾಯಿ ಕರಗಿದ್ದನ್ನು ಗಮನಿಸಿ 1945ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1947ರಲ್ಲಿ ಬಂದ ಮೊದಲ ಓವನ್ ಆಳೆತ್ತರದ ಬೀರುವಿನಂತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಕೂರುವಂಥದ್ದು ಬಂದದ್ದು 1967ರಲ್ಲಿ. ರೇಡಾರಿನ ಆ ನಂಟು ಇಂದಿಗೂ ಕಡಿದಿಲ್ಲ. ಚಂಡಮಾರುತ ಬಂತೆಂದರೆ ಚೆನ್ನೈನ ಜನರೆಲ್ಲ ಮೊಬೈಲಿನಲ್ಲಿ ತೆರೆದು ಕೂರುವ ರೇಡಾರ್ ಚಿತ್ರ ಬರುವುದು ಅಲ್ಲಿನ ಬಂದರಿನ ಕಟ್ಟಡದ ಮೇಲೆ 2002ರಲ್ಲಿ ಕೆಲಸ ಶುರು ಮಾಡಿದ ಹವಾಮಾನ ಇಲಾಖೆಯ ಡಾಪ್ಲರ್ ರೇಡಾರಿನಿಂದ. ಅದು ಬಳಸುವ ಅಲೆಗಳೂ ಓವನ್ನಿನ ಅಲೆಗಳೂ ಎಸ್-ಬ್ಯಾಂಡ್ ಎಂಬ ಒಂದೇ ತರಂಗಪಟ್ಟಿಗೆ ಸೇರಿದವು. ಮ್ಯಾಗ್ನೆಟ್ರಾನಿನಂಥ ಕೊಳವೆಗಳ ಮೇಲೆ ಸಂಶೋಧನೆ ನಡೆಸುವ ಡಿಆರ್‌ಡಿಒ ಕೇಂದ್ರ ಇರುವುದು ಬೆಂಗಳೂರಿನ ಜಾಲಹಳ್ಳಿಯಲ್ಲಿ, ಬಿಇಎಲ್ ಆವರಣದೊಳಗೆ.

ಓವನ್ ಕೆಟ್ಟಾಗ ಮುಚ್ಚಳದ ಸ್ಕ್ರೂ ಬಿಚ್ಚದೆಯೇ ತಿಳಿದುಕೊಳ್ಳಬಹುದಾದದ್ದು ಬಹಳಷ್ಟಿದೆ. ಕಣ್ಣು, ಕಿವಿ, ಮೂಗು ಇಷ್ಟೇ ಸಾಕು.

ಮೊದಲು ನೋಡಬೇಕಾದದ್ದು ಗೋಡೆಯ ಸಾಕೆಟ್ಟನ್ನು. ಬರೀ ಬಿಸಿ ಮಾಡುವ ಸಣ್ಣ ಓವನ್ ಸುಮಾರು 1200 ವ್ಯಾಟ್ ಎಳೆದರೆ, ಕೇಕ್ ಬೇಯಿಸುವ ಕನ್ವೆಕ್ಷನ್ ಓವನ್ 2000 ವ್ಯಾಟನ್ನೂ ದಾಟಬಹುದು. ಎಂದರೆ ಒಂಬತ್ತು ಆಂಪಿಯರಿನ ಸುತ್ತಮುತ್ತ. ಅದನ್ನು ಮಿಕ್ಸಿಗೆಂದು ಹಾಕಿಸಿದ 6 ಆಂಪಿಯರ್ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ ಓಡಿಸುವ ಮನೆಗಳಿಗೆ ಲೆಕ್ಕವಿಲ್ಲ. ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿ ಬಿಸಿಗೆ ಸಡಿಲವಾಗುತ್ತದೆ, ಸಡಿಲವಾದಷ್ಟೂ ಇನ್ನಷ್ಟು ಬಿಸಿಯಾಗುತ್ತದೆ, ಪ್ಲಗ್ಗಿನ ಕಾಲುಗಳ ಸುತ್ತ ಪ್ಲಾಸ್ಟಿಕ್ ಕಂದುಗಟ್ಟುತ್ತದೆ. ಓವನ್ ಒಮ್ಮೆ ಓಡಿ ಒಮ್ಮೆ ನಿಲ್ಲುತ್ತಿದ್ದರೆ ಎಷ್ಟೋ ಸಲ ಕೆಟ್ಟಿರುವುದು ಸಾಕೆಟ್ಟೇ. ಓವನ್ನಿಗೆ 16 ಆಂಪಿಯರಿನ ಪ್ರತ್ಯೇಕ ಪಾಯಿಂಟ್ ಹಾಕಿಸಿಕೊಳ್ಳುವುದು ಐಷಾರಾಮದ ಮಾತಲ್ಲ.

ಅರ್ಥಿಂಗ್ ಇದೆಯೋ ಇಲ್ಲವೋ ಎಂಬುದನ್ನೂ ಓವನ್ ತಾನೇ ಹೇಳುತ್ತದೆ. ಒದ್ದೆ ಕೈ ಅದರ ಲೋಹದ ಮೈಗೆ ತಗುಲಿದಾಗ ಚುರ್ ಎನ್ನುತ್ತಿದ್ದರೆ, ಮೂರನೇ ತಂತಿ ಎಲ್ಲೋ ಕಡಿದಿದೆ. ಒಳಗಿರುವ ಫಿಲ್ಟರಿನ ಪುಟ್ಟ ಕೆಪಾಸಿಟರುಗಳು ಅತಿ ಸಣ್ಣ ಕರೆಂಟನ್ನು ಅರ್ಥ್ ಕಡೆಗೆ ಬಿಡುತ್ತಲೇ ಇರುತ್ತವೆ. ಅದಕ್ಕೆ ನೆಲದ ದಾರಿ ಸಿಗದಿದ್ದಾಗ ಮುಟ್ಟಿದವರ ಮೈಯೇ ದಾರಿಯಾಗುತ್ತದೆ. ಚುರುಕ್ಕೆನ್ನುವುದು ಸಣ್ಣದಿರಬಹುದು, ಆದರೆ ಒಳಗೆ ದೊಡ್ಡ ದೋಷ ಆದ ದಿನ ಕಾಪಾಡಬೇಕಾದ ತಂತಿಯೇ ಇಲ್ಲ ಎಂಬ ಸುದ್ದಿ ಅದರಲ್ಲಿದೆ. ಅಂಥ ಓವನ್ನನ್ನು ಆ ಗಳಿಗೆಯಿಂದಲೇ ಬಳಸಬಾರದು. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಸರಿಮಾಡಿದ ಮೇಲೆ ಮುಂದಿನ ಮಾತು.

ಕಿವಿಗೆ ಸಿಗುವ ಸುಳಿವುಗಳೂ ಕಡಿಮೆಯಲ್ಲ. ಸ್ಟಾರ್ಟ್ ಒತ್ತಿದ ಎರಡು ಮೂರು ಸೆಕೆಂಡಿಗೆ ಫ್ಯಾನಿನ ಸದ್ದಿನ ಅಡಿಯಲ್ಲಿ ಒಂದು ದಪ್ಪನೆಯ ಗುಂಯ್ ಶಬ್ದ ಸೇರಿಕೊಳ್ಳಬೇಕು. ಅದು ಟ್ರಾನ್ಸ್‌ಫಾರ್ಮರ್ ಭಾರ ಹೊತ್ತುಕೊಂಡ ಸದ್ದು. ಆ ಸದ್ದೇ ಬಾರದಿದ್ದರೆ ಟ್ರಾನ್ಸ್‌ಫಾರ್ಮರಿಗೆ ಕರೆಂಟು ಮುಟ್ಟುತ್ತಿಲ್ಲ. ರಿಲೇಯನ್ನೋ ಬಾಗಿಲಿನ ಸ್ವಿಚ್ಚನ್ನೋ ಮೆಕ್ಯಾನಿಕ್ ಅನುಮಾನಿಸುತ್ತಾನೆ. ಸದ್ದು ಎಂದಿಗಿಂತ ಜೋರಾಗಿ, ಗುರುಗುಟ್ಟಿದಂತೆ ಬಂದು ಬಿಸಿ ಮಾತ್ರ ಆಗದಿದ್ದರೆ ಡಯೋಡೋ ಮ್ಯಾಗ್ನೆಟ್ರಾನೋ ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಆಗ ಮತ್ತೆ ಮತ್ತೆ ಸ್ಟಾರ್ಟ್ ಒತ್ತಿ ಪರೀಕ್ಷೆ ಮಾಡಬಾರದು. ಟ್ರಾನ್ಸ್‌ಫಾರ್ಮರಿನ ಕಾಯಿಲ್ ಸುಟ್ಟರೆ ಸಣ್ಣ ಖರ್ಚು ದೊಡ್ಡದಾಗುತ್ತದೆ.

ಬಿಸಿಯೇನೋ ಆಗುತ್ತದೆ, ಮೊದಲಿನಷ್ಟು ಆಗುವುದಿಲ್ಲ ಎಂಬ ಗುಮಾನಿಗೆ ನೀರಿನ ಪರೀಕ್ಷೆ ಇದೆ. ಓವನ್ನಿಗೆ ಒಗ್ಗುವ ಅಗಲವಾದ ಬಟ್ಟಲಿನಲ್ಲಿ ಒಂದು ಲೀಟರ್ ನೀರು ಹಾಕಿ, ಉಷ್ಣಾಂಶ ಅಳೆದು, ಪೂರ್ಣ ಪವರಿನಲ್ಲಿ ಸರಿಯಾಗಿ ಒಂದು ನಿಮಿಷ ಇಟ್ಟು, ತೆಗೆದು ಕಲಕಿ ಮತ್ತೆ ಅಳೆಯಬೇಕು. ಏರಿದ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 70 ವ್ಯಾಟ್ ಎಂದು ಲೆಕ್ಕ. 28 ಡಿಗ್ರಿಯ ನೀರು 37ಕ್ಕೆ ಏರಿದರೆ ಸುಮಾರು 630 ವ್ಯಾಟ್ ನೀರಿಗೆ ಸೇರಿದೆ. 700 ವ್ಯಾಟಿನ ಓವನ್ನಿಗೆ ಅದು ಆರೋಗ್ಯದ ಲಕ್ಷಣ. ಮೂರೇ ಡಿಗ್ರಿ ಏರಿದರೆ ಮ್ಯಾಗ್ನೆಟ್ರಾನ್ ಮುದಿಯಾಗಿದೆ, ಇಲ್ಲವೇ ಆ ಹೊತ್ತಿನಲ್ಲಿ ಮನೆಗೆ ಬರುತ್ತಿರುವ ವೋಲ್ಟೇಜೇ ಸೊರಗಿದೆ. ಚೆನ್ನೈನಲ್ಲಿ ಮೇ ತಿಂಗಳ ರಾತ್ರಿ ಊರಿನ ಎಸಿಗಳೆಲ್ಲ ಓಡುವಾಗ ಈ ಪರೀಕ್ಷೆ ಮಾಡಿ ಓವನ್ನನ್ನು ದೂರಿ ಫಲವಿಲ್ಲ. ಬೆಳಗಿನ ಹೊತ್ತು ಇನ್ನೊಮ್ಮೆ ನೋಡಬೇಕು.

ಒಳಗೆ ಕಿಡಿ ಹಾರಿದರೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಸ್ಟೀಲ್ ಬಟ್ಟಲೋ ಜರಿಯಂಚಿನ ಪಿಂಗಾಣಿ ತಟ್ಟೆಯೋ ಒಳಗಿಲ್ಲವೆಂದರೆ ನೋಡಬೇಕಾದದ್ದು ಬಲಗಡೆಯ ಗೋಡೆಯ ಮೇಲಿನ ಅಭ್ರಕದ ಹಾಳೆ. ಅಂಗೈಯಷ್ಟಿರುವ, ರಟ್ಟಿನಂತೆ ಕಾಣುವ ಬೂದು ಬಣ್ಣದ ಈ ಹಾಳೆಯ ಹಿಂದಿನಿಂದಲೇ ಅಲೆಗಳು ಒಳಕ್ಕೆ ಬರುವುದು. ಸಾಂಬಾರಿನ ಎಣ್ಣೆ, ಪಲ್ಯದ ಚೂರು ಸಿಡಿದು ಅದರ ಮೇಲೆ ಒಣಗುತ್ತವೆ, ದಿನ ಕಳೆದಂತೆ ಕಪ್ಪಾಗಿ ಇದ್ದಿಲಾಗುತ್ತವೆ. ಇದ್ದಿಲಿಗೆ ಕರೆಂಟು ಹರಿಯುತ್ತದೆ, ಅಲ್ಲಿಂದಲೇ ಕಿಡಿ. ರಿಪೇರಿಯವನ ಚೀಲದಲ್ಲಿ ಈ ಅಭ್ರಕದ ದೊಡ್ಡ ಹಾಳೆಯೊಂದು ಇದ್ದೇ ಇರುತ್ತದೆ. ಹಳೆಯದನ್ನು ಅದರ ಮೇಲಿಟ್ಟು ಪೆನ್ನಿನಲ್ಲಿ ಗೆರೆ ಎಳೆದು, ಕತ್ತರಿಯಲ್ಲಿ ಕತ್ತರಿಸಿ, ಮೂಲೆಗೊಂದು ತೂತು ಮಾಡಿ ಕೂರಿಸಿದರೆ ಕೆಲಸ ಮುಗಿಯಿತು. ಇದನ್ನು ವರ್ಷಗಟ್ಟಲೆ ಒರೆಸದೆ ಬಿಟ್ಟು, ಕಿಡಿ ಕಂಡ ಮೇಲೂ ಬಳಸುತ್ತಾ ಹೋದರೆ ಮ್ಯಾಗ್ನೆಟ್ರಾನಿನ ಮೂತಿಯೇ ಸುಡುತ್ತದೆ. ಹಪ್ಪಳ ಸುಡಲು ಓವನ್ ಬಳಸುವವರೂ ಗಮನಿಸಬೇಕಾದ ಮಾತೊಂದಿದೆ: ಒಂದು ಒಣ ಹಪ್ಪಳ ಹೀರಿಕೊಳ್ಳುವ ಶಕ್ತಿ ಅತಿ ಸ್ವಲ್ಪ, ಉಳಿದದ್ದರಲ್ಲಿ ಒಂದಷ್ಟು ಮ್ಯಾಗ್ನೆಟ್ರಾನಿನ ಕಡೆಗೇ ಮರಳುತ್ತದೆ. ಪಕ್ಕದಲ್ಲಿ ಅರ್ಧ ಲೋಟ ನೀರಿಟ್ಟರೆ ಅದರ ಭಾರ ಇಳಿಯುತ್ತದೆ.

ಓವನ್ ಪೂರ್ತಿ ಸತ್ತಂತೆ ಬಿದ್ದಿದೆ, ದೀಪವೂ ಇಲ್ಲ, ಅಂಕಿಯೂ ಇಲ್ಲ. ಇಂಥ ಕರೆ ಬಂದಾಗ ಅನುಭವಿ ಮೆಕ್ಯಾನಿಕ್ ಮೊದಲು ಕೇಳುವ ಪ್ರಶ್ನೆ: "ಓಡುತ್ತಿದ್ದಾಗ ಹೋಯಿತಾ ಅಮ್ಮಾ, ಬಾಗಿಲು ತೆಗೆಯುವಾಗ ಹೋಯಿತಾ?" ಈ ಪ್ರಶ್ನೆಯ ಹಿಂದೆ ಓವನ್ನಿನ ಅತ್ಯಂತ ಜಾಣ ವ್ಯವಸ್ಥೆಯೊಂದಿದೆ.

ಬಾಗಿಲಿನ ಕೊಕ್ಕೆಗಳು ಒಳಹೋಗುವ ಕಡೆ ಬೆರಳ ತುದಿಯಷ್ಟಿರುವ ಮೂರು ಸ್ವಿಚ್ಚುಗಳಿವೆ. ಎರಡು ಸ್ವಿಚ್ಚುಗಳ ಕೆಲಸ ಬಾಗಿಲು ತೆರೆದೊಡನೆ ಕರೆಂಟು ಕಡಿಯುವುದು. ಮೂರನೆಯದು ಮಾನಿಟರ್ ಸ್ವಿಚ್. ಅದರ ಕೆಲಸ ಕಾವಲಿಗೆ ಕಾವಲು. ಕರೆಂಟು ಕಡಿಯಬೇಕಾದ ಸ್ವಿಚ್ಚಿನ ಒಳಗಿನ ತುದಿಗಳು ಕಿಡಿಗೆ ಕರಗಿ ಅಂಟಿಕೊಂಡಿವೆ ಎನ್ನೋಣ. ಬಾಗಿಲು ತೆರೆದರೂ ಅಲೆಗಳು ಹೊರಡುತ್ತಲೇ ಇರುವ ಅಪಾಯ ಅದು. ಆ ಗಳಿಗೆಯಲ್ಲಿ ಮಾನಿಟರ್ ಸ್ವಿಚ್ ಬೇಕೆಂದೇ ಒಳಗೆ ಶಾರ್ಟ್ ಮಾಡಿ ಫ್ಯೂಸನ್ನು ಸುಟ್ಟುಬಿಡುತ್ತದೆ. ಓವನ್ ಸಾಯುತ್ತದೆ, ಎದುರು ನಿಂತವರಿಗೆ ಏನೂ ಆಗುವುದಿಲ್ಲ. ಹಾಗಾಗಿ ಬಾಗಿಲು ತೆಗೆಯುವಾಗ ಫ್ಯೂಸ್ ಹೋಯಿತೆಂದರೆ ಬರೀ ಹೊಸ ಫ್ಯೂಸ್ ಹಾಕಿ ಹೊರಡುವ ಮೆಕ್ಯಾನಿಕ್ ಅರ್ಧ ಕೆಲಸ ಮಾಡಿದ ಹಾಗೆ. ಅಂಟಿಕೊಂಡ ಸ್ವಿಚ್ಚೂ ಬದಲಾಗಬೇಕು, ಶಾರ್ಟಿನ ಹೊಡೆತ ತಿಂದ ಮಾನಿಟರ್ ಸ್ವಿಚ್ಚೂ ಬದಲಾಗಬೇಕು. ಫ್ಯೂಸಿನ ಜಾಗಕ್ಕೆ ತಂತಿ ಸುತ್ತಿ "ಓಡುತ್ತೆ ನೋಡಿ" ಎನ್ನುವವನನ್ನಂತೂ ಮನೆಯೊಳಗೆ ಬಿಟ್ಟುಕೊಳ್ಳಲೇಬಾರದು. ಮನೆಯವರೂ ಒಂದು ಅಭ್ಯಾಸ ಮಾಡಿಕೊಂಡರೆ ಈ ಸ್ವಿಚ್ಚುಗಳು ಹೆಚ್ಚು ಬಾಳುತ್ತವೆ: ಸಮಯ ಮುಗಿಯುವ ಮೊದಲೇ ತೆಗೆಯಬೇಕಾದರೆ ಬಾಗಿಲನ್ನು ಹಾಗೇ ಎಳೆಯದೆ ಮೊದಲು ಸ್ಟಾಪ್ ಒತ್ತುವುದು. ಆಗ ಕರೆಂಟು ಕಡಿಯುವ ಕಿಡಿ ಬಾಗಿಲಿನ ಸ್ವಿಚ್ಚಿನಲ್ಲಿ ಹುಟ್ಟುವುದಿಲ್ಲ.

ಓಡುತ್ತಿದ್ದಾಗಲೇ ನಿಂತುಹೋಗಿ, ಅರ್ಧ ಗಂಟೆ ಬಿಟ್ಟು ತಾನಾಗಿ ಸರಿಯಾಗುವ ಓವನ್ನಿನ ಕಥೆ ಬೇರೆ. ಅಲ್ಲಿ ಬಿಸಿ ಮಿತಿ ಮೀರಿದಾಗ ಕರೆಂಟು ಕಡಿಯುವ ಥರ್ಮಲ್ ಕಟ್-ಔಟ್ ತನ್ನ ಕೆಲಸ ಮಾಡಿದೆ. ಮಾಡ್ಯುಲರ್ ಕಿಚನ್ ಮಾಡಿಸುವವರು ಅಂದಕ್ಕಾಗಿ ಓವನ್ನನ್ನು ಮೂರೂ ಕಡೆ ಪ್ಲೈವುಡ್ ಇರುವ ಗೂಡಿನೊಳಗೆ ತೂರಿಸಿರುತ್ತಾರೆ. ಬಿಸಿಗಾಳಿ ಹೊರಗೆ ಹೋಗಲು ದಾರಿಯಿಲ್ಲ. ಪೆಟ್ಟಿಗೆಯನ್ನು ಗೂಡಿನಿಂದ ಹೊರಗಿಟ್ಟು ನೋಡಿದರೆ ರೋಗ ಯಾವುದೆಂದು ಅರ್ಧ ದಿನದಲ್ಲಿ ಗೊತ್ತಾಗುತ್ತದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಇದೇ ಸಮಸ್ಯೆಗೆ ಇನ್ನೊಂದು ರೂಪವಿದೆ. ಅಲ್ಲಿ ಓವನ್ನನ್ನು ಒಲೆಯ ಮೇಲೇ ಗೋಡೆಗೆ ತೂಗುಹಾಕುವುದು ವಾಡಿಕೆ, ಚಿಮಣಿಯ ಕೆಲಸವನ್ನೂ ಅದೇ ಮಾಡುತ್ತದೆ. ಒಗ್ಗರಣೆಯ ಎಣ್ಣೆಹೊಗೆ, ಕುಕ್ಕರಿನ ಹಬೆ ಎಲ್ಲವೂ ನೇರವಾಗಿ ಅದರ ಹೊಟ್ಟೆಗೇ. ಅಡಿಯ ಜಾಲರಿ ಜಿಡ್ಡುಗಟ್ಟುತ್ತದೆ, ಗುಂಡಿಗಳ ಹಿಂದಿನ ಬೋರ್ಡಿಗೆ ತೇವ ಹಿಡಿಯುತ್ತದೆ. ಅಂಥ ಓವನ್ನಿನ ಫ್ಯಾನ್ ತಾನಾಗಿ ಶುರುವಾಗಿ, ಆಫ್ ಒತ್ತಿದರೂ ನಿಲ್ಲದಿದ್ದರೆ ಹಲವರು ಕೆಟ್ಟಿತೆಂದು ತಿಳಿಯುತ್ತಾರೆ. ಎಷ್ಟೋ ಮಾದರಿಗಳಲ್ಲಿ ಒಲೆಯ ಶಾಖ ಮಿತಿ ಮೀರಿದಾಗ ಫ್ಯಾನ್ ಹಾಗೆ ಓಡುವಂತೆಯೇ ಮಾಡಿರುತ್ತಾರೆ. ಒಲೆ ತಣಿದರೆ ಅದೂ ನಿಲ್ಲುತ್ತದೆ.

ಚೆನ್ನೈನ ಹವೆ ಓವನ್ನಿಗೆ ಒಡ್ಡುವ ಪರೀಕ್ಷೆಗಳು ಒಂದೆರಡಲ್ಲ. ಬೆಸೆಂಟ್ ನಗರ, ತಿರುವಾನ್ಮಿಯೂರಿನಂಥ ಕಡಲಬದಿಯ ಬಡಾವಣೆಗಳಲ್ಲಿ ಉಪ್ಪುಗಾಳಿ ಎಸಿಯ ಕಾಯಿಲನ್ನು ತಿನ್ನುವಂತೆಯೇ ಓವನ್ನಿನ ಒಳಗಿನ ತಂತಿತುದಿಗಳನ್ನೂ ತಿನ್ನುತ್ತದೆ. ಈಶಾನ್ಯ ಮಳೆಗಾಲ ಬಂದರೆ ಇನ್ನೊಂದು ವಿಚಿತ್ರ: ತಿಂಗಳುಗಟ್ಟಲೆ ಬರೀ ಬಿಸಿ ಮಾಡಲಷ್ಟೇ ಬಳಸಿದ ಓವನ್ನಿನಲ್ಲಿ ಡಿಸೆಂಬರಿಗೆ ಕೇಕ್ ಮಾಡೋಣವೆಂದು ಕನ್ವೆಕ್ಷನ್ ಒತ್ತಿದೊಡನೆ ಸೋರಿಕೆ ಕಂಡೊಡನೆ ಕರೆಂಟು ಕಡಿಯುವ ಮನೆಯ ಆರ್‌ಸಿಸಿಬಿ ಸ್ವಿಚ್ ಬಿದ್ದು ಕತ್ತಲಾಗುತ್ತದೆ. ಹೀಟರ್ ಕೊಳವೆಯೊಳಗೆ ತುಂಬಿರುವ ಪುಡಿ ಗಾಳಿಯ ತೇವ ಹೀರಿಕೊಂಡಿರುತ್ತದೆ, ಅದರ ಮೂಲಕ ಕರೆಂಟು ಸೋರುತ್ತದೆ, 30 ಮಿಲಿ ಆಂಪಿಯರ್ ಸೋರಿದರೆ ಆರ್‌ಸಿಸಿಬಿ ಸುಮ್ಮನಿರುವುದಿಲ್ಲ. ಹೀಟರನ್ನು ಆಗಾಗ ಓಡಿಸುತ್ತಿದ್ದ ಮನೆಗಳಲ್ಲಿ ಈ ತೊಂದರೆ ಅಪರೂಪ. ಟ್ರಿಪ್ ಆಗುತ್ತದೆಂದು ಆರ್‌ಸಿಸಿಬಿಯನ್ನೇ ತೆಗೆಸುವ ಯೋಚನೆ ಮಾತ್ರ ಪ್ರಾಣಕ್ಕೆ ಸಂಚಕಾರ.

ಜಿರಳೆಗಳ ಪಾತ್ರವನ್ನು ಮರೆಯುವಂತಿಲ್ಲ. ಅಂಕಿಗಳು ಸದಾ ಬೆಳಗುತ್ತಿರುವುದರಿಂದ ಬೋರ್ಡಿನ ಸುತ್ತ ಹಗಲಿರುಳೂ ಸ್ವಲ್ಪ ಬೆಚ್ಚಗಿರುತ್ತದೆ, ಹೊರಗೆ ತಿಂಡಿಯ ಚೂರಿಗೆ ಕೊರತೆಯಿಲ್ಲ. ಮುಚ್ಚಳ ತೆಗೆದರೆ ಬೋರ್ಡಿನ ಮೇಲೆ ಜಿರಳೆಯ ಹಿಕ್ಕೆ, ಎರಡು ಬೆಸುಗೆಗಳ ನಡುವೆ ಸುಟ್ಟು ಕರಿಕಾದ ಒಂದು ಜಿರಳೆ. ಗುಂಡಿ ಒತ್ತದೆಯೇ ಪೀಪ್ ಎನ್ನುವುದು, ಒಂದು ಅಂಕಿ ಒತ್ತಿದರೆ ಮತ್ತೊಂದು ಬರುವುದು, ಇಂಥ ದೆವ್ವದ ಚೇಷ್ಟೆಗಳ ಮೂಲ ಎಷ್ಟೋ ಸಲ ಇಷ್ಟೇ. ಬೋರ್ಡನ್ನು ಬಿಚ್ಚಿ ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿದರೆ ಸರಿಯಾಗುವುದುಂಟು. ಹೊಸ ಬೋರ್ಡೇ ಬೇಕು ಎನ್ನುವ ಮೊದಲು ಇದನ್ನು ಮಾಡಿ ನೋಡಿದಿರಾ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ.

ಕರೆಂಟಿನ ಏರಿಳಿತ ಇನ್ನೊಂದು ಶತ್ರು. 2016ರ ಡಿಸೆಂಬರಿನಲ್ಲಿ ವಾರ್ದಾ ಚಂಡಮಾರುತ ಕಂಬಗಳನ್ನು ಉರುಳಿಸಿ ಚೆನ್ನೈಗೆ ದಿನಗಟ್ಟಲೆ ಕತ್ತಲು ಕವಿಸಿತ್ತು. ಇಂಥ ಹೊತ್ತಿನಲ್ಲಿ ಎಲ್ಲಾದರೂ ನ್ಯೂಟ್ರಲ್ ತಂತಿ ಸಡಿಲವಾದರೆ 230 ಇರಬೇಕಾದ ಜಾಗದಲ್ಲಿ 400ರ ಸಮೀಪದ ವೋಲ್ಟೇಜ್ ನುಗ್ಗಬಹುದು. ಆಗ ಮೊದಲು ಬಲಿಯಾಗುವುದು ಬೋರ್ಡಿನ ಸಣ್ಣ ಟ್ರಾನ್ಸ್‌ಫಾರ್ಮರ್ ಮತ್ತು ಅದನ್ನು ಕಾಯಲೆಂದೇ ಇಟ್ಟಿರುವ, ನಾಣ್ಯದಂತಿರುವ ವೇರಿಸ್ಟರ್. ವಿದ್ಯುತ್ ಮಂಡಳಿಯವರು ಲೈನ್ ಸರಿಮಾಡಿ ಕರೆಂಟು ಬಿಟ್ಟ ಮೊದಲ ಹತ್ತು ನಿಮಿಷ ಪ್ಲಗ್ ಕಿತ್ತಿಟ್ಟಿರುವುದು ಖರ್ಚಿಲ್ಲದ ಉಪಾಯ. 2015ರ ಪ್ರವಾಹದಲ್ಲಿ, 2023ರ ಮಿಚಾಂಗ್ ಮಳೆಯಲ್ಲಿ ವೇಳಚೇರಿಯಂಥ ಕಡೆ ನೆಲಮಹಡಿಗಳಿಗೆ ನೀರು ನುಗ್ಗಿತ್ತು. ಹಾಗೆ ಮುಳುಗಿ ಎದ್ದ ಓವನ್ ಬಿಸಿಲಿಗಿಟ್ಟರೆ ಹೊರಗೆ ಒಣಗಿದಂತೆ ಕಾಣುತ್ತದೆ, ಟ್ರಾನ್ಸ್‌ಫಾರ್ಮರಿನ ಸುತ್ತುಗಳ ಒಳಗೆ ತೇವ ಉಳಿದೇ ಇರುತ್ತದೆ. ಒಳಗೆಲ್ಲ ಪರೀಕ್ಷೆಯಾಗದೆ ಅದರ ಪ್ಲಗ್ ಹಾಕಲೇಬಾರದು.

ಇನ್ನು ಮುಚ್ಚಳದ ಒಳಗಿನ ಮಾತು. ರೇಡಿಯೊ, ಫ್ಯಾನ್, ಮಿಕ್ಸಿ ಬಿಚ್ಚಿ ಕೈಪಳಗಿದವರಿಗೆ ಇದನ್ನೂ ಬಿಚ್ಚುವ ಹುಮ್ಮಸ್ಸು ಸಹಜ. ಇಲ್ಲಿ ಅದನ್ನು ತಡೆದುಕೊಳ್ಳಬೇಕು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರಬಹುದು. ಅದನ್ನು ಹರಿಸಲೆಂದು ಒಳಗೊಂದು ರೆಸಿಸ್ಟರ್ ಇರುತ್ತದೆ ನಿಜ, ಆ ರೆಸಿಸ್ಟರೇ ಕೆಟ್ಟಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಓವನ್ ಓಡುತ್ತಿರುವಾಗ ಹೈ ವೋಲ್ಟೇಜ್ ಕಡೆಗೆ ಕೈ ತಗುಲಿದರೆ ಬದುಕುವ ಭರವಸೆ ಇಲ್ಲ. ಹಲವರಿಗೆ ತಿಳಿಯದ ಸಂಗತಿಯೆಂದರೆ ಮನೆಯ ಆರ್‌ಸಿಸಿಬಿ ಅಲ್ಲಿ ಕಾಪಾಡುವುದಿಲ್ಲ. ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಿ ನಡೆಯುವ ಸೋರಿಕೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. ನುರಿತ ಮೆಕ್ಯಾನಿಕ್ ಪ್ಲಗ್ ಕಿತ್ತು, ಕಾದು, ಕೆಪಾಸಿಟರನ್ನು ಡಿಸ್ಚಾರ್ಜ್ ಮಾಡಿದ ಮೇಲಷ್ಟೇ ಕೈ ಹಾಕುತ್ತಾನೆ. ಅವನ ಅಳತೆಗಳೆಲ್ಲ ಕರೆಂಟಿಲ್ಲದೆ ನಡೆಯುವಂಥವು: ಮ್ಯಾಗ್ನೆಟ್ರಾನಿನ ಎರಡು ಕಾಲುಗಳ ನಡುವೆ ಒಂದು ಓಮ್‌ಗಿಂತ ಕಡಿಮೆ ಬರಬೇಕು, ಕಾಲಿಗೂ ಲೋಹದ ಮೈಗೂ ನಡುವೆ ಏನೂ ಬರಕೂಡದು. ಡಯೋಡನ್ನು ಸಾಮಾನ್ಯ ಮೀಟರ್ ತಪ್ಪಾಗಿ ಸತ್ತಿದೆ ಎಂದು ತೋರಿಸಬಹುದು, ಏಕೆಂದರೆ ಅದರೊಳಗೆ ಹಲವು ಡಯೋಡುಗಳು ಸಾಲಾಗಿ ಕೂತಿರುತ್ತವೆ. ಬಲ್ಲವರು ಒಂಬತ್ತು ವೋಲ್ಟಿನ ಬ್ಯಾಟರಿ ಜೊತೆಗಿಟ್ಟು ಅಳೆಯುತ್ತಾರೆ.

ಬೆಂಗಳೂರಿಗೆ ಎಸ್.ಪಿ. ರೋಡ್ ಹೇಗೋ ಚೆನ್ನೈಗೆ ರಿಚಿ ಸ್ಟ್ರೀಟ್ ಹಾಗೆ. ಮೌಂಟ್ ರೋಡಿನಿಂದ ಒಳಹೊಕ್ಕರೆ ನರಸಿಂಗಪುರಂ ಬೀದಿ, ವಾಲರ್ಸ್ ರೋಡಿನ ಸುತ್ತ ಹಬ್ಬಿಕೊಂಡ ಈ ಪೇಟೆಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳದೇ ರಾಜ್ಯ. ಫ್ಯೂಸ್, ಸ್ವಿಚ್, ಡಯೋಡ್ ಇವೆಲ್ಲ ಓವನ್ನಿನ ಬೆಲೆಯ ಮುಂದೆ ಬಿಡಿಕಾಸು. ದುಬಾರಿಯಾಗುವುದು ಮ್ಯಾಗ್ನೆಟ್ರಾನ್ ಮತ್ತು ಬೋರ್ಡ್. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ತೆರೆದದ್ದು ಬಿಡಿಭಾಗ, ವಾರಂಟಿ, ದುರಸ್ತಿಯ ಮಾಹಿತಿ ಜನರಿಗೆ ಸುಲಭವಾಗಿ ಸಿಗಲೆಂದು. ಸಣ್ಣ ಸ್ವಿಚ್ಚೊಂದು ಹೋದದ್ದಕ್ಕೆ ಇಡೀ ಓವನ್ ಗುಜರಿಗೆ ಹೋಗುವುದನ್ನು ತಡೆಯಲು ಇಂಥ ಮಾಹಿತಿ ಬಹಳ ಬೇಕು.

ಆದರೂ ಕೆಲವು ಓವನ್‌ಗಳಿಗೆ ರಿಪೇರಿ ಸಲ್ಲದು. ಬಾಗಿಲು ವಾಲಿದ್ದರೆ, ಅದರ ಗಾಜಿನ ಹಿಂದಿನ ಲೋಹದ ಜಾಲರಿ ಹರಿದಿದ್ದರೆ, ಒಳಗೋಡೆ ತುಕ್ಕು ತಿಂದು ತೂತಾಗಿದ್ದರೆ ಅದನ್ನು ಬಿಟ್ಟುಬಿಡುವುದೇ ಸರಿ. ಓವನ್ನಿನಿಂದ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟಿಗಿಂತ ಹೆಚ್ಚು ಸೋರಿಕೆ ಇರಕೂಡದು ಎಂಬ ಅಂತರರಾಷ್ಟ್ರೀಯ ಮಿತಿಯನ್ನು ಅಂಥ ಪೆಟ್ಟಿಗೆ ಕಾಯ್ದುಕೊಳ್ಳುತ್ತದೆಂದು ನಂಬುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಮೈಕ್ರೋವೇವ್ ಓವನ್ನೂ ಇದೆ. ಹಳೆಯದನ್ನು ಬೀದಿಯ ಗುಜರಿಯವನಿಗೆ ಕೊಡುವ ಬದಲು ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಬೇಕು.

ರಿಪೇರಿ ಆಯಿತೆಂದು ಮೆಕ್ಯಾನಿಕ್ ಮುಚ್ಚಳ ಹಾಕಿದ ಮೇಲೆ ಮನೆಯವರು ಮಾಡಬೇಕಾದ ಕೆಲಸಗಳು ಎರಡು. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆದುಕೊಳ್ಳಬೇಕು. ಆಮೇಲೆ ಅವನ ಎದುರಿಗೇ ಒಂದು ಲೀಟರ್ ನೀರಿಟ್ಟು ಒಂದು ನಿಮಿಷ ಓಡಿಸಿ, ಎಷ್ಟು ಡಿಗ್ರಿ ಏರಿತೆಂದು ನೋಡಿ ಬಿಲ್ಲಿನ ಹಿಂಬದಿಯಲ್ಲಿ ಬರೆದಿಡಬೇಕು. ಮುಂದಿನ ವರ್ಷ ಅನುಮಾನ ಬಂದಾಗ ಹೋಲಿಸಿ ನೋಡಲು ಆ ಅಂಕಿ ಬೇಕಾಗುತ್ತದೆ.